ಎರಡೂವರೆ ಗೇಣಿನ ಕರಿಹಲಗೆ

ಅವರನ್ನು ಹಠಮಾರಿ ಎಂದು ಕರೆಯುವವರು ಸುರಪುರದಲ್ಲಿ ಬಹಳ ಮಂದಿ ಇದ್ದಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಅವರು ಬದುಕಿದ್ದಾಗಲೂ ಒಪ್ಪಿರಲಿಲ್ಲ. ಹೋದ ಬೇಸಿಗೆಯಲ್ಲಿ ಅವರು ತೀರಿಕೊಂಡ ಮೇಲೆ ಆ ಮಾತಿನ ಮುಂದೆ ಒಂದು 'ಪಾಪ' ಬಂದು ಕೂತಿದೆ. 'ಪಾಪ, ಭಾಳ ಹಠ ಇತ್ತು ನೋಡ್ರಿ. ಕಣ್ಣು ಕಾಣಲಾರದಾಕಿ ಕಂಪ್ಯೂಟರ್ ತಗೊಂಡ್ಲು.' ಹೀಗೆ ಹೇಳುವವರಿಗೆ ನಡೆದದ್ದು ಗೊತ್ತಿಲ್ಲ. ಅಂಗಡಿಯಿಂದ ಅಂಗಡಿಗೆ ಅವರ ಜೊತೆ ಬಸ್ಸು ಹತ್ತಿ ಇಳಿದವಳು ನಾನು. ಆದ್ದರಿಂದ ನಾನು ಬರೆಯುತ್ತೇನೆ. ಅವರ ಹೆಸರು ಬರೆಯುವುದಿಲ್ಲ. ಊರಿನವರಿಗೆ ಅದರ ಅಗತ್ಯವಿಲ್ಲ. ಹೊರಗಿನವರಿಗೆ ಹೆಸರಿಗಿಂತ ಅವರ ಮಾತು ಗೊತ್ತಾದರೆ ಸಾಕು.

ಒಂದೇ ಸರಕಾರಿ ಪ್ರೌಢಶಾಲೆಯಲ್ಲಿ ಅವರು ಸಮಾಜ ಪಾಠ ಹೇಳುತ್ತಿದ್ದರು, ನಾನು ದೈಹಿಕ ಶಿಕ್ಷಕಿ. ನನ್ನ ಕೊರಳಲ್ಲಿ ಸದಾ ಸೀಟಿ ಇರುತ್ತಿತ್ತು. ಹೀಗಾಗಿ ಅವರಿಗೆ ನಾನು 'ಸೀಟಿ'. ವಯಸ್ಸಿನಲ್ಲಿ ಅವರು ಹಿರಿಯರು. ನಾನು 'ಅಕ್ಕಾ' ಎನ್ನುತ್ತಿದ್ದೆ. ಗಂಟೆ ಬಾರಿಸಿ ಎಬ್ಬಿಸುವ, ಗಂಟೆ ಬಾರಿಸಿ ಉಣ್ಣಿಸುವ ಹಾಸ್ಟೆಲಿನಲ್ಲಿ ಬೆಳೆದವಳು ನಾನು. ಇಂದಿಗೂ ಐದಕ್ಕೆ ಏಳುತ್ತೇನೆ, ಹಾಸಿಗೆಯನ್ನು ನಾಲ್ಕು ಮೂಲೆ ಕೂಡಿಸಿ ಮಡಚುತ್ತೇನೆ, ಊಟಕ್ಕೆ ಹೊತ್ತು ಮೀರಿದರೆ ಆ ಊಟ ಬಿಡುತ್ತೇನೆ. ಅವರಿಗೆ ಇದು ತಮಾಷೆ. 'ನಿನ್ನ ಹೊಟ್ಟಿ ಒಳಗೂ ಒಬ್ಬ ಜವಾನ ಗಂಟಿ ಹೊಡಿತಾನೇನ ಸೀಟಿ?' ಎಂದು ಕೇಳುತ್ತಿದ್ದರು. ಆದರೆ ಅವರ ತರಗತಿಯಲ್ಲಿದ್ದ ಶಿಸ್ತು ನನ್ನ ಮೈದಾನದಲ್ಲೂ ಇರಲಿಲ್ಲ. ಪಾಠದ ಪುಸ್ತಕವನ್ನು ಅವರು ಎಂದೂ ಓದಿ ಹೇಳಲಿಲ್ಲ. ಕರಿಹಲಗೆಯ ಮೇಲೆ ಎರಡು ಸಾಲು ಬರೆದು ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದರು.

'ಓದ್ರಿ.'

'ನೀವು ಓದ್ರಿ ಟೀಚರ್, ನಾವು ಕೇಳ್ತೀವಿ.'

'ಕೇಳೋದು ನಿಮ್ಮ ಅಪ್ಪಗೋಳು ಕೇಳ್ಯಾರ, ನಮ್ಮಪ್ಪನೂ ಕೇಳ್ಯಾನ. ಸಾಕಷ್ಟಾಗ್ಯಾದ. ನೀವು ಓದ್ರಿ.'

ಅವರಪ್ಪ ಕೇಳಿದ್ದು ಹೇಗೆ ಎಂಬುದನ್ನು ಅವರು ನನಗೆ ಹೇಳಿದ್ದು ಪರೀಕ್ಷೆಯ ಕೋಣೆಯೊಂದರ ಹೊರಗೆ, ಮಕ್ಕಳು ಬರೆಯುತ್ತಿದ್ದಾಗ, ಪಿಸುದನಿಯಲ್ಲಿ. ಅವರದು ಕೂಲಿ ಮಾಡುವ ದಲಿತ ಬೌದ್ಧ ಕುಟುಂಬ. ಅಪ್ಪನ ಕಾಲಕ್ಕೆ ಅವರ ಹಳ್ಳಿಯಲ್ಲಿ ಚಹಾದ ಹೋಟೆಲಿಗೆ ಒಂದು ಪತ್ರಿಕೆ ಬರುತ್ತಿತ್ತು. ಒಬ್ಬ ಅದನ್ನು ಗಟ್ಟಿಯಾಗಿ ಓದುವವ. ಒಳಗೆ ಬೆಂಚಿನ ಮೇಲೆ ಕೂತವರು ಕೂತು ಕೇಳುತ್ತಿದ್ದರು. ಇವರಪ್ಪನಂಥವರು ಹೊರಗೆ, ಬೇವಿನ ಮರದ ಕೆಳಗೆ ನಿಂತು ಕೇಳಬೇಕು. ತಮ್ಮವರ ಸುದ್ದಿ, ಕೂಲಿ ಹೆಚ್ಚಿಸಿದ ಸುದ್ದಿ, ಎಲ್ಲೋ ಬಾವಿಗೆ ಇಳಿದು ನೀರು ತಂದವರ ಸುದ್ದಿ ಬಂದರೆ ಓದುವವ ಪುಟ ತಿರುವುತ್ತಿದ್ದ. ಪುಟ ತಿರುವಿದ್ದು ಮರದ ಕೆಳಗಿನವರಿಗೆ ಕಾಣುತ್ತಿತ್ತು. ಏನು ಬಿಟ್ಟ ಎಂಬುದು ಮಾತ್ರ ಗೊತ್ತಾಗುತ್ತಿರಲಿಲ್ಲ.

'ಓದೋರು ಎಲ್ಲಿ ನಿಲ್ಲಸ್ತಾರ, ಕೇಳೋರ ಲೋಕ ಅಲ್ಲಿಗೆ ಮುಗೀತದ, ಸೀಟಿ. ನಮ್ಮಪ್ಪ ನನ್ನ ಸಾಲಿಗೆ ಕಳಿಸಿದ್ದು ನೌಕರಿಗಲ್ಲ. ಆ ತಿರುವಿದ ಪುಟದಾಗ ಏನಿತ್ತು ಅಂತ ನೋಡಾಕ.'

ನಿವೃತ್ತಿಯಾಗಿ ಕೆಲವು ವರ್ಷಕ್ಕೆ ಅವರ ಕಣ್ಣು ಕೈಕೊಟ್ಟಿತು. ಸುತ್ತಲಿನದು ಕಾಣುತ್ತದೆ, ನೋಟದ ನಟ್ಟನಡುವೆ ಮಾತ್ರ ಮಸಿ ಮೆತ್ತಿದ ಹಾಗೆ. ಮನುಷ್ಯರ ಕಾಲು, ಕೈ, ಸೀರೆಯ ಅಂಚು ಎಲ್ಲ ಕಾಣುತ್ತದೆ. ಮುಖ ಇರುವ ಕಡೆ ಏನೂ ಇಲ್ಲ. ಕಲಬುರಗಿಯ ಡಾಕ್ಟರು ಕನ್ನಡಕದಿಂದ ಪ್ರಯೋಜನವಿಲ್ಲ ಎಂದರು. ದೊಡ್ಡ ಅಕ್ಷರವಾದರೆ ಆ ಮಸಿಯ ಸುತ್ತ ನೋಟ ಹೊರಳಿಸಿ ಓದಬಹುದು ಎಂದೂ ಹೇಳಿದರು. ಎರಡನೆಯ ಮಾತನ್ನು ಅವರ ಮನೆಯವರು ಯಾರೂ ನೆನಪಿಟ್ಟುಕೊಳ್ಳಲಿಲ್ಲ. ಅವರು ಇಟ್ಟುಕೊಂಡರು.

ಅವರು ಮದುವೆಯಾಗಲಿಲ್ಲ. ತಮ್ಮನ ಮಗ ಮತ್ತು ಅವನ ಹೆಂಡತಿಯೊಂದಿಗೆ ಇದ್ದರು. ಅವನು ವಡಗೇರಾದಲ್ಲಿ ಗುಮಾಸ್ತ. ಮುಂಜಾನೆಯ ಬಸ್ಸಿಗೆ ಹೋಗುವವನು. ಒಳ್ಳೆಯ ಹುಡುಗ, ಅತ್ತೆಯೆಂದರೆ ಜೀವ. ದಿನಾಲು ಹೊರಡುವ ಮುಂಚೆ ಅವರ ಮುಂದೆ ಕೂತು ಪತ್ರಿಕೆ ಓದುತ್ತಿದ್ದ. ಅವರು ಸುಮ್ಮನೆ ಕೇಳುತ್ತಿದ್ದರು. ಆ ದಿನಗಳಲ್ಲಿ ಹೋದಾಗ ಅವರು ನನ್ನನ್ನು ಒಮ್ಮೆಯೂ 'ಸೀಟಿ' ಎನ್ನಲಿಲ್ಲ. 'ಬಾ' ಎನ್ನುತ್ತಿದ್ದರು, ಅಷ್ಟೇ. ನನಗೆ ಅದು ಸರಿಬರಲಿಲ್ಲ.

ಒಂದು ದಿನ ನಾನು ಕೂತಿದ್ದಾಗಲೇ ಹಾಲಿನವಳು ಬಾಗಿಲಲ್ಲಿ ನಿಂತು, 'ಕೇಳೀರೇನ್ರಿ ಟೀಚರ್ರ, ನಮ್ಮ ತಾಲೂಕಿನ ಒಂದು ಊರಾಗ ನಮ್ಮ ಮಂದಿ ಹುಡುಗರಿಗೆ ಕಟಿಂಗ್ ಮಾಡಂಗಿಲ್ಲ ಅಂದಾರಂತ. ಪೇಪರಿನಾಗ ಬಂದದಂತಲ್ಲ' ಎಂದಳು. ಎರಡು ದಿನದ ಹಿಂದಿನ ಸುದ್ದಿ. ಇವರಿಗೆ ಗೊತ್ತಿಲ್ಲ.

ಸಂಜೆ ತಮ್ಮನ ಮಗ ಬಂದ. ಚಪ್ಪಲಿ ಬಿಡುವುದರೊಳಗೆ ಕೇಳಿದರು:

'ಕಟಿಂಗ್ ಸುದ್ದಿ ಯಾವ ಪುಟದಾಗ ಇತ್ತು?'

ಅವನು ನನ್ನ ಮುಖ ನೋಡಿದ. 'ಐದನೇದ್ರಾಗ ಇತ್ತು, ಅತ್ತಿ. ನಿಮಗ ಬಿ.ಪಿ. ಏರ್ತದಂತ ಬಿಟ್ಟೆ.'

'ಇನ್ನ ಏನೇನು ಬಿಟ್ಟಿ?'

ಅವನು ಸುಳ್ಳು ಹೇಳುವವನಲ್ಲ. ಸತ್ತವರ ಸುದ್ದಿ ಬಿಡುತ್ತಿದ್ದ. ಬಡಿದಾಟದ ಸುದ್ದಿ ಬಿಡುತ್ತಿದ್ದ. ನೋವಾಗುವಂಥದ್ದನ್ನೆಲ್ಲ ಬಿಡುತ್ತಿದ್ದ.

'ಆ ಹೋಟೆಲಿನವ ಹೊಟ್ಟಿಕಿಚ್ಚಿಗೆ ಬಿಡ್ತಿದ್ದ, ನೀ ಪ್ರೀತಿಗೆ ಬಿಟ್ಟಿ,' ಎಂದರು. 'ನಿನ್ನ ಮ್ಯಾಲ ನನಗ ಸಿಟ್ಟಿಲ್ಲಪ. ಆದ್ರ ಮರದ ಕೆಳಗ ನಿಂತಾಕಿಗೆ ಎರಡೂ ಒಂದ. ನಾಳಿಯಿಂದ ಓದಬ್ಯಾಡ.'

ಮರುದಿನದಿಂದ ಪತ್ರಿಕೆ ಮಡಚಿದ ಹಾಗೇ ಬಿದ್ದಿರುತ್ತಿತ್ತು. ಅವರು ಅದರ ಮುಂದೆ ಸುಮ್ಮನೆ ಕೂತಿರುತ್ತಿದ್ದರು.

ಅದೇ ತಿಂಗಳು ನಿವೃತ್ತ ಶಿಕ್ಷಕರ ಸಂಘದಿಂದ ಅವರಿಗೆ ಸನ್ಮಾನ ಇತ್ತು. ನಮ್ಮ ಹಳೆಯ ಮುಖ್ಯಗುರುಗಳೇ ಸಂಘದ ಅಧ್ಯಕ್ಷರು. ಒಳ್ಳೆಯ ಮನಸ್ಸಿನಿಂದಲೇ ಎಲ್ಲರಿಂದ ವಂತಿಗೆ ಎತ್ತಿ, ಪತ್ರಿಕೆ ಓದಿ ಹೇಳುವ ಒಂದು ಯಂತ್ರ ತರಿಸಿದ್ದರು. ಹಾರ, ಶಾಲು, ಹಣ್ಣಿನ ಬುಟ್ಟಿ ಆದ ಮೇಲೆ ಅದನ್ನು ಬಣ್ಣದ ಕಾಗದ ಸುತ್ತಿ ಕೈಗೆ ಕೊಟ್ಟು, 'ಇನ್ನು ನೀವು ಕಣ್ಣಿಗೆ ತ್ರಾಸ ಕೊಡೋದು ಬ್ಯಾಡ. ಇದು ಓದ್ತದ, ನೀವು ಆರಾಮ ಕೇಳ್ರಿ' ಎಂದರು. ಸಭೆ ಚಪ್ಪಾಳೆ ತಟ್ಟಿತು.

ಅವರು ಮೈಕಿನ ಹತ್ತಿರ ಹೋದರು.

'ಹಾರ ಹಾಕೀರಿ, ಇಟ್ಕೋತೀನಿ. ಶಾಲು ಹೊದಿಸೀರಿ, ಚಳಿಗಾಲಕ್ಕ ಬರ್ತದ. ಇದನ್ನ ಮಾತ್ರ ಒಲ್ಲೆ. ನನಗ ಓದಿ ಹೇಳೋರು ಬ್ಯಾಡ. ಮನುಷ್ಯಾರೂ ಬ್ಯಾಡ, ಮಷೀನೂ ಬ್ಯಾಡ. ನಾ ಓದ್ತೀನಿ.'

ಪೆಟ್ಟಿಗೆಯನ್ನು ಅಧ್ಯಕ್ಷರ ಮುಂದಿನ ಮೇಜಿನ ಮೇಲೆ ಇಟ್ಟು ಕೆಳಗಿಳಿದರು. ಸಭೆಯಲ್ಲಿ ಗುಜುಗುಜು. ಹಿಂದಿನ ಸಾಲಿನಿಂದ ಯಾರೋ, 'ಸೊಕ್ಕು ನೋಡು ಸೊಕ್ಕು' ಎಂದದ್ದು ನನ್ನ ಕಿವಿಗೆ ಬಿತ್ತು. ನಾನು ತಿರುಗಿ ನೋಡಿದೆ. ಹೇಳಿದವರು ಬಾಯಿ ಮುಚ್ಚಿಕೊಂಡರು. ಮೈದಾನದಲ್ಲಿ ಕಲಿತ ನೋಟ ಅದು, ಇನ್ನೂ ಕೆಲಸಕ್ಕೆ ಬರುತ್ತದೆ.

ಮನೆಗೆ ನಡೆಯುವಾಗ ನಾನು ಕೇಳಿದೆ: 'ಅಕ್ಕಾ, ಮಷೀನು ಯಾವುದನ್ನೂ ಬಿಡೋದಿಲ್ಲಲ್ಲ?'

'ಬಿಡೋದಿಲ್ಲ. ಆದ್ರ ಅದು ತನ್ನ ಓಟಕ್ಕ ಓಡ್ತದ. ಓದಾವಾಗ ಒಂದು ಸಾಲಿನ ಮ್ಯಾಲ ನಿಲ್ಲಬೇಕಾಗ್ತದ. ಸಿಟ್ಟು ಬಂದ್ರ ಮತ್ತ ಮ್ಯಾಲಿಂದ ಓದಬೇಕಾಗ್ತದ. ಇಷ್ಟು ವರ್ಷ ನನ್ನ ನಡಿಗಿಲೇ ನಡದೀನಿ. ಈಗ ಒಂದು ಡಬ್ಬಿ ಬೆನ್ನ ಹತ್ತಿ ಓಡ್ಲೇನು?' ಸ್ವಲ್ಪ ದೂರ ಹೋದ ಮೇಲೆ ನಿಂತರು. 'ಮನಿಗೊಂದು ಕಂಪ್ಯೂಟರ್ ತಗೋತೀನಿ. ಅಕ್ಷರ ಕುಂಬಳಕಾಯಿಯಷ್ಟು ಮಾಡ್ಕೊಂಡು ಓದ್ತೀನಿ. ನಾಳಿ ಬರ್ತೀಯೇನ ಸೀಟಿ?'

'ಎಷ್ಟು ಗಂಟಿಗೆ?' ಎಂದೆ. ಬಹಳ ದಿನದ ಮೇಲೆ ಆ ಹೆಸರು ಕೇಳಿದ್ದೆ.

ತಮ್ಮನ ಮಗ ಬೇಡ ಎಂದ. ತನ್ನ ಫೋನೇ ಇದೆ, ಅದರಲ್ಲೇ ಅಕ್ಷರ ದೊಡ್ಡದು ಮಾಡಬಹುದು ಎಂದ. ಮಾಡಿಯೂ ತೋರಿಸಿದ. ಅಕ್ಷರ ದೊಡ್ಡದಾದಾಗ ಪರದೆಯಲ್ಲಿ ಹಿಡಿದದ್ದು ಎರಡೇ ಪದ. 'ಇದು ಕಿಡಕಿ ಸಂದ್ಯಾಗಿಂದ ಮೆರವಣಿಗಿ ನೋಡಿದಂಗ' ಎಂದು ಫೋನು ವಾಪಸು ಕೊಟ್ಟರು.

ಮೊದಲು ಸುರಪುರದ ಅಂಗಡಿ. ಅಲ್ಲಿ ಎಲ್ಲರೂ ಲ್ಯಾಪ್‌ಟಾಪನ್ನೇ ತೋರಿಸಿದರು. ತೆಳ್ಳಗಿದೆ, ಹಗುರ ಇದೆ, ಎಲ್ಲಿ ಬೇಕಾದರೂ ಒಯ್ಯಬಹುದು. 'ನಾ ಎಲ್ಲಿಗೂ ಒಯ್ಯಂಗಿಲ್ಲಪ. ನಾನೇ ಎಲ್ಲೂ ಹೋಗಂಗಿಲ್ಲ' ಎಂದು ಅವರು ಪರದೆಯ ಮೇಲೆ ಗೇಣು ಹಾಕಿದರು. ಅಂಗಡಿಯವರು ಅಂಗುಲದಲ್ಲಿ ಹೇಳುತ್ತಾರೆ, ಇವರದು ಗೇಣಿನ ಲೆಕ್ಕ. ಒಂದೂವರೆ ಗೇಣು ಆಯಿತು. ಓದಲು ಮುಖ ಹತ್ತಿರ ಒಯ್ದರೆ ಗಲ್ಲ ಗುಂಡಿಗಳ ಮೇಲೆ ಬಂತು. 'ಇದರ ಪರದಿ, ಇದರ ಕೀಲಿಮಣಿ ಗಂಡ ಹೆಂಡತಿ ಇದ್ದಂಗ, ಬಿಟ್ಟಿರಂಗಿಲ್ಲ. ನನಗ ಪರದಿ ಮಾರಿಮುಂದ ಬೇಕು, ಗುಂಡಿ ತೊಡಿಮ್ಯಾಲ ಬೇಕು. ನಡಿ ಸೀಟಿ.'

ಶಹಾಪುರದಲ್ಲಿ ದೊಡ್ಡ ಅಂಗಡಿ. ಒಡೆಯ ಮುಸ್ಲಿಂ ಹಿರಿಯ, ಮಾತು ನಯ. ಗೋಡೆಯ ತುಂಬ ಹೊಳೆಯುವ ಪರದೆಗಳು. ಕೆಲಸದವನು ಒಂದರ ಮುಂದೆ ಕೂಡ್ರಿಸಿ ಶುರು ಮಾಡಿದ: ಇದರಲ್ಲಿ ಸಿನಿಮಾ ಕತ್ತರಿಸಬಹುದು, ಇದರಲ್ಲಿ ಆಟ ಆಡಿದರೆ ಹೊಗೆಯೂ ನಿಜವಾದ ಹಾಗೆ ಕಾಣುತ್ತದೆ.

'ಹೊಗಿ ನಮ್ಮ ಒಲ್ಯಾಗ ಬೇಕಾದಷ್ಟು ನೋಡೀನಿ. ನಾ ಪೇಪರ್ ಓದಬೇಕು.'

'ಮತ್ತ ಏನ್ ಮಾಡ್ತೀರಿ ಅಜ್ಜಿ ಇದರಾಗ?'

'ಇನ್ನೊಂದು ಪೇಪರ್ ಓದ್ತೀನಿ.'

ಒಡೆಯ ನಕ್ಕು ತಾನೇ ಎದ್ದು ಬಂದ. ಅವರು ಆ ಪರದೆಯ ಮುಂದೆ ಒಂದು ಮೊಳ ಅಳೆದು ಕೂತಿದ್ದರು. ಬಾಗಿಲಿನ ಬಿಸಿಲು, ರಸ್ತೆಯ ಟಂಟಂ ಆಟೋ, ಅವರದೇ ಬಿಳಿ ತಲೆ, ಎಲ್ಲವೂ ಗಾಜಿನಲ್ಲಿ ಕಾಣುತ್ತಿದ್ದವು. 'ಇದರಾಗ ನನ್ನ ಬಿಳಿ ತಲಿ ಕಾಣಾಕತ್ತದ. ನನ್ನ ತಲಿ ನಾ ಯಾಕ ಓದ್ಲಿ?' ಎಂದರು.

ಒಡೆಯ ಸ್ವಲ್ಪ ಯೋಚಿಸಿ, 'ಟೀಚರಮ್ಮ, ನಮ್ಮ ಅಂಗಡಿದು ನಿಮಗ ಬಿಲ್ಕುಲ್ ಬ್ಯಾಡ' ಎಂದ. 'ಪೇಪರ್ ಓದಾಕ ಇಷ್ಟು ಜೋರಿನ ಮಷೀನು ಯಾಕ? ಯಾದಗಿರಿಗೆ ಹೋಗ್ರಿ. ಕಡೇಚೂರು ಕಡಿ ಕಾರ್ಖಾನಿ ಆಫೀಸಿನಿಂದ ತಗದ ಕಂಪ್ಯೂಟರ್ ಡಬ್ಬಿ ಅಲ್ಲಿ ಸಿಗ್ತಾವ, ಸಾಫ್ ಇರ್ತಾವ. ಡಬ್ಬಿ ಹಳೇದು ತಗೋರಿ, ಪರದಿ ಮಾತ್ರ ಹೊಸದು ತಗೋರಿ. ಹೊಳಪಿನದು ಬ್ಯಾಡ, ಮಂಕು ಗಾಜಿಂದು ಕೇಳ್ರಿ.'

'ಗಿರಾಕಿಗೆ ಇಂಥಾದು ಹೇಳಿದ್ರ ನಿಮ್ಮ ಅಂಗಡಿ ನಡೀತದೇನ್ರಿ?'

'ನಮ್ಮ ಅಮ್ಮಾಗೂ ಹಿಂಗ ಕಣ್ಣಿತ್ತು ಟೀಚರಮ್ಮ. ಆಗ ನನಗ ಯಾರೂ ಹೇಳಲಿಲ್ಲ.' ಚಹಾ ತರಿಸಿದ. ಕುಡಿದು ಎದ್ದೆವು.

ಯಾದಗಿರಿಯ ಸ್ಟೇಷನ್ ರಸ್ತೆಯ ಅಂಗಡಿ ಸಣ್ಣದು. ನಡೆಸುವವಳು ಗುರುಮಠಕಲ್ ಕಡೆಯ ಹೆಣ್ಣುಮಗಳು, ಕೈಯಲ್ಲಿ ಯಾವಾಗಲೂ ಸ್ಕ್ರೂ ತಿರುವುವ ಕಡ್ಡಿ. ಹಳೆಯ ಡಬ್ಬಿಯೊಂದನ್ನು ಬಿಚ್ಚಿ ತೋರಿಸಿ, ಒಳಗಿನ ಹಳೆಯ ಡಿಸ್ಕ್ ತೆಗೆದು ಹೊಸದು ಹಾಕಿದರೆ ಒತ್ತಿದ ಕೂಡಲೇ ಚಾಲೂ ಆಗುತ್ತದೆ ಎಂದಳು. ಡಬ್ಬಿ ಹಳೆಯದೆಂದು ನಾನು ಅನುಮಾನಿಸಿದೆ.

'ನಾನೂ ಹಳೀ ಡಬ್ಬಿನ ಅಲ್ಲೇನ?' ಎಂದರು ಇವರು. 'ಕಣ್ಣು ಹೊಸದು ಹಾಕಸು ಅಂತ ಹೇಳ್ಯಾನಲ್ಲ ಶಹಾಪುರದ ಆ ಮನುಷ್ಯಾ.'

ಅವಳು ಮಂಕು ಗಾಜಿನ ಪರದೆ ಹಚ್ಚಿದಳು. ಎರಡೂವರೆ ಗೇಣು. ಆ ದಿನದ ಪತ್ರಿಕೆಯ ಸುದ್ದಿ ತೆರೆದು ಅಕ್ಷರ ಹಿಗ್ಗಿಸಿದಳು. ಇವರು ಮೊಳ ಅಳೆದು ಕೂತರು. ಕತ್ತು ಆ ಕಡೆ ಈ ಕಡೆ ಹೊರಳಿಸಿದರು. ಬೇಗನೆ ಕಣ್ಣು ಮುಚ್ಚಿ ನೀರು ಒರೆಸಿಕೊಂಡರು. ಬಿಳಿಯ ಪರದೆ ಕಣ್ಣಿಗೆ ಚುಚ್ಚುತ್ತಿತ್ತು. ಇಷ್ಟೆಲ್ಲ ಅಲೆದದ್ದು ವ್ಯರ್ಥವಾಯಿತೇ ಎಂದುಕೊಂಡೆ. ಇದಾದ ಮೇಲೆ ಇನ್ನೊಂದು ಅಂಗಡಿ ಇರಲಿಲ್ಲ.

ಅವರು ಕಣ್ಣು ಮುಚ್ಚಿಕೊಂಡೇ ಕೇಳಿದರು: 'ತಂಗಿ, ಇದನ್ನ ಕರೀದು ಮಾಡಿ, ಅಕ್ಷರ ಬಿಳೀವು ಮಾಡಾಕ ಬರ್ತದೇನು?'

'ಬರ್ತದಮ್ಮ. ಆದ್ರ ಹಂಗ ಯಾರೂ ಓದಂಗಿಲ್ಲ.'

'ನಾ ಹಂಗ ಓದಿಸೀನಿ, ಒಂದು ಜನ್ಮ.'

ಅವಳು ಎರಡು ಗುಂಡಿ ಒತ್ತಿದಳು. ಪರದೆ ಕಪ್ಪಾಯಿತು, ಅಕ್ಷರ ಬೆಳ್ಳಗಾದವು. ಇವರು ಕಣ್ಣು ತೆರೆದರು. ಕತ್ತು ಹೊರಳಿಸುತ್ತ ಮೊದಲ ಸಾಲು ಓದಿದರು. ಆಮೇಲೆ, 'ಏ ಸೀಟಿ, ಕರಿಹಲಗಿ!' ಎಂದರು.

ಅಲ್ಲಿಂದ ಎಬ್ಬಿಸುವುದೇ ಕಷ್ಟವಾಯಿತು. ಓದುತ್ತಲೇ ಕೂತರು. ತೊಗರಿಯ ದರ, ಟೆಂಡರು, ಕಾಲುವೆಗೆ ನೀರು ಬಿಡುವ ಸುದ್ದಿ, ಒಂದನ್ನೂ ಬಿಡಲಿಲ್ಲ. ಹಿಂದೆ ಗಿರಾಕಿಗಳು ಕೂಡಿದರು. ಒಬ್ಬನಿಗೆ ತಡೆಯಲಾಗಲಿಲ್ಲ. 'ಅಜ್ಜಿ, ಇದೇನು ವಾಚನಾಲಯ ಅಂತ ತಿಳಿದೀರೇನು?'

'ಹೌದಪ. ಸುಮ್ಮಕ ನಿಲ್ಲು. ವಾಚನಾಲಯದಾಗ ಮಾತಾಡಬಾರದು.'

ಕಂಪ್ಯೂಟರ್ ಮನೆಗೆ ಬಂತು. ಎಲ್ಲ ಸೇರಿದರೂ ಶಹಾಪುರದ ಆ ಹೊಳೆಯುವ ಪರದೆಯ ಅರ್ಧ ಬೆಲೆ ಆಗಲಿಲ್ಲ. ಸುರಪುರದ ಕರೆಂಟಿನ ಗುಣ ಗೊತ್ತಿದ್ದರಿಂದ ಸಣ್ಣದೊಂದು ಬ್ಯಾಟರಿ ಪೆಟ್ಟಿಗೆಯನ್ನೂ ತಂದೆವು. ಓದುತ್ತಿದ್ದ ಸುದ್ದಿ ಮುಗಿಸುವಷ್ಟಾದರೂ ಅದು ತಾಳುತ್ತಿತ್ತು. ಇಂಟರ್ನೆಟ್ಟಿಗೆ ತನ್ನ ಫೋನು ಸಾಕು ಎಂದು ತಮ್ಮನ ಮಗ ಹೇಳಿದ. 'ನೀ ವಡಗೇರಾಕ್ಕ ಹೋದ್ರ ನನ್ನ ಪೇಪರೂ ನಿನ್ನ ಕೂಡ ಬಸ್ ಹತ್ತತದಲ್ಲ?' ಎಂದು ಕೇಳಿ, ಮನೆಗೇ ಬೇರೆ ತಂತಿ ಎಳೆಸಿದರು.

ಅಂದಿನಿಂದ ಅವರ ದಿನಕ್ಕೆ ಒಂದು ವೇಳಾಪಟ್ಟಿ ಬಂತು, ನನಗೇ ಮೆಚ್ಚುಗೆಯಾಗುವಂಥದ್ದು. ಬೆಳಿಗ್ಗೆ ಹಲಗೆಯ ಮೇಲಿನ ಬಟ್ಟೆ ತೆಗೆದು ಮಡಚುವುದು, ಕೂತು ಓದುವುದು, ಮುಗಿದ ಮೇಲೆ ಮತ್ತೆ ಬಟ್ಟೆ ಹೊದಿಸುವುದು. ಓದುವ ವೇಗ ಕಡಿಮೆ. ಒಂದು ಪುಟಕ್ಕೆ ಅರ್ಧ ಮುಂಜಾನೆ ಹೋಗುತ್ತಿತ್ತು. ಕೆಲವು ದಿನ ಕಣ್ಣು ದಣಿದು ನಡುವೆಯೇ ನಿಲ್ಲುತ್ತಿತ್ತು. ಆಗ ಯಾರೊಂದಿಗೂ ಮಾತಿಲ್ಲ. ಉಳಿದ ದಿನ ತಮ್ಮನ ಮಗನ ಆಫೀಸಿಗೆ ಫೋನು. 'ಐದನೇ ಪುಟ ಓದಿದಿ?' 'ಇಲ್ಲತ್ತಿ, ಕೆಲಸದಾಗ ಇದ್ದೀನಿ.' 'ಓದು. ನಿನಗ ಬಿ.ಪಿ. ಇಲ್ಲಲ್ಲ.' ಕಟಿಂಗ್ ಸುದ್ದಿಯನ್ನೂ ಹಿಂದಕ್ಕೆ ಹೋಗಿ ಹುಡುಕಿ ಓದಿದರು. ಓದಿದ ಮೇಲೆ ತಹಶೀಲ್ದಾರರ ಕಚೇರಿಗೆ ನನ್ನನ್ನೂ ಕರೆದುಕೊಂಡು ಹೋಗಿ, ಆ ಊರಿನ ಕಟಿಂಗ್ ಅಂಗಡಿ ಈಗ ಎಲ್ಲರಿಗೂ ತೆರೆದಿದೆಯೇ ಎಂದು ಕೇಳಿದರು. ಅಧಿಕಾರಿಗಳು ನೋಡುತ್ತೇವೆ ಎಂದರು. 'ನೋಡ್ರಿ. ನಾನೂ ನೋಡ್ತಿರ್ತೀನಿ' ಎಂದು ಹೇಳಿ ಬಂದರು. ಆಮೇಲೂ ಹೋದರು, ಅಂಗಡಿ ಎಲ್ಲರಿಗೂ ತೆರೆಯುವ ತನಕ.

ಹೋದ ಬೇಸಿಗೆಯಲ್ಲಿ ಅವರ ಎದೆಗೆ ತೊಂದರೆಯಾಗಿ ಆಸ್ಪತ್ರೆ ಸೇರಿದರು. ಕರಿಹಲಗೆಯನ್ನು ಅಲ್ಲಿಗೆ ಒಯ್ಯುವ ಹಾಗಿರಲಿಲ್ಲ. ಎರಡು ದಿನ ಪತ್ರಿಕೆ ಇಲ್ಲದೆ ಮಲಗಿದ್ದರು. ಮೂರನೆಯ ಮುಂಜಾನೆ ತಮ್ಮನ ಮಗ ಪತ್ರಿಕೆ ಹಿಡಿದು ಮಂಚದ ಪಕ್ಕ ನಿಂತ. ಕೇಳಲು ಅವನಿಗೆ ಧೈರ್ಯವಿಲ್ಲ.

'ಕೂಡು,' ಎಂದರು. 'ಓದು. ಒಂದೂ ಬಿಡಬ್ಯಾಡ. ತಿರುಗಿ ಓದು ಅಂದ್ರ ತಿರುಗಿ ಓದಬೇಕು.'

ಅವನು ಓದಿದ. ನಡುವೆ ಒಂದು ಕಡೆ ದನಿ ನಿಂತಿತು.

'ಯಾಕ ನಿಂತಿ? ಏನದ ಅಲ್ಲಿ?'

ಅವರ ಜೊತೆ ಕಲಿತ ಗೆಳತಿಯ ಸಾವಿನ ಸುದ್ದಿ ಇತ್ತು. ಅವನು ಓದಿದ. ಅವರು ಮೇಲಿನ ಫ್ಯಾನಿನ ಕಡೆ ಮುಖ ಮಾಡಿ, 'ತಿರುಗಿ ಓದು' ಎಂದರು. ಅವನು ಅಳುತ್ತಲೇ ತಿರುಗಿ ಓದಿದ. ಒಂದು ಪದ ಬಿಡಲಿಲ್ಲ. ಮರುವಾರ ಅವರೂ ಹೋದರು.

ಸಂಘದಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟರು. ಅವರ ಬಗ್ಗೆ ಎರಡು ಪುಟ ಬರೆದುಕೊಡಲು ನನಗೆ ಹೇಳಿದರು. ನಾನು ಕೈಯಲ್ಲಿ ಬರೆದೆ. ತಮ್ಮನ ಮಗ ಅದನ್ನು ಅತ್ತೆಯ ಕಂಪ್ಯೂಟರಿನಲ್ಲೇ ಟೈಪು ಮಾಡಿದ. ಸಭೆಯಲ್ಲಿ ಓದಿದವರು ಅಧ್ಯಕ್ಷರು. ಹುಟ್ಟಿದ ಊರು, ಸೇವೆ, ಮಕ್ಕಳಿಂದ ಓದಿಸುತ್ತಿದ್ದ ರೀತಿ, ಎಲ್ಲ ಓದಿದರು. ಸನ್ಮಾನದ ದಿನ ಯಂತ್ರ ಹಿಂದಿರುಗಿಸಿದ ಪ್ಯಾರಾ ಬಂದಾಗ ಒಂದು ಕ್ಷಣ ನಿಂತು, ಕೆಮ್ಮಿ, ಪುಟ ತಿರುವಿದರು. ನಾನು ಎದ್ದು ನಿಲ್ಲುವ ಮುಂಚೆಯೇ ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದು ಕೇಳಿತು.

'ಸರ್, ಒಂದು ಪ್ಯಾರಾ ಬಿಟ್ರಿ,' ಎಂದ ತಮ್ಮನ ಮಗ.

'ಅದು ಈಗ ಬ್ಯಾಡಪ. ಹೋದವರ ಬಗ್ಗೆ ಛಲೋದು ಮಾತಾಡೋಣ.'

'ಛಲೋದೇ ಅದು ಸರ್. ಬಿಟ್ಟಲ್ಲಿಂದ ಓದ್ರಿ.'

ಅವನು ಕೂಡಲಿಲ್ಲ. ಅಧ್ಯಕ್ಷರು ನನ್ನ ಕಡೆ ನೋಡಿದರು. ನಾನೂ ಎದ್ದು ಅವನಂತೆಯೇ ನಿಂತೆ. ಅವರು ಕನ್ನಡಕ ಸರಿಮಾಡಿಕೊಂಡು ಹಿಂದಿನ ಪುಟಕ್ಕೆ ಹೋದರು. ತಾವು ಕೊಟ್ಟದ್ದನ್ನು ಆಕೆ ಒಲ್ಲೆ ಎಂದ ಮಾತನ್ನು, ತಮ್ಮದೇ ದನಿಯಲ್ಲಿ, ತಡವರಿಸುತ್ತ ಓದಿದರು. 'ನನಗ ಓದಿ ಹೇಳೋರು ಬ್ಯಾಡ. ನಾ ಓದ್ತೀನಿ.' ಓದಿ ಮುಗಿಸಿ ತಲೆ ಎತ್ತಿದರು.

ಅವನು ಇನ್ನೂ ನಿಂತೇ ಇದ್ದ.

'ತಿರುಗಿ ಓದ್ರಿ, ಸರ್.'

ಅವರು ತಿರುಗಿ ಓದಿದರು.